ಮಂಗಳವಾರದ ನಿಲುಗಡೆ

ಆ ಮಂಗಳವಾರ ಸಂಜೆ ಆರು ಗಂಟೆಗೆ ದಾವಣಗೆರೆಯಲ್ಲಿ ಏನೂ ಆಗಲಿಲ್ಲ. ಅದನ್ನು ನೋಡಲು ಊರಿಗೆ ಊರೇ ಬೀದಿಗೆ ಬಂದಿತ್ತು.

ಪ್ರತಿ ಮಂಗಳವಾರ ಆರಕ್ಕೆ ಸರಿಯಾಗಿ ಊರಿನ ಯಂತ್ರಗಳೆಲ್ಲ ಒಂದು ಗಂಟೆ ಕಾಲ ನಿಲ್ಲುವುದು ಹಲವು ವರ್ಷಗಳಿಂದ ನಡೆದುಬಂದ ರೂಢಿ. ಬೀದಿದೀಪಗಳು ಆರುತ್ತಿದ್ದವು. ಚಾಲಕರಿಲ್ಲದ ಆಟೋಗಳು ರಸ್ತೆಯ ಬದಿಗೆ ಸರಿದು ಸುಮ್ಮನಾಗುತ್ತಿದ್ದವು. ಲಿಫ್ಟುಗಳು ನೆಲಮಹಡಿಗೆ ಇಳಿದು ಬಾಗಿಲು ತೆರೆದು ನಿಲ್ಲುತ್ತಿದ್ದವು. ಆ ದಿನ ಮಾತ್ರ ನಿಲ್ಲುವುದಿಲ್ಲ ಎಂದು ಮಹಾನಗರ ಪಾಲಿಕೆ ಮೊದಲೇ ಸಾರಿತ್ತು. ಆದರೆ ಸರ್ಕಾರ ಹೇಳಿದ್ದನ್ನೆಲ್ಲ ನಂಬುವ ಊರು ಅದಲ್ಲ. ಹೆಂಗಸರು ಗಂಡಸರು ಎಂದಿನಂತೆ ಕಟ್ಟೆಗಳ ಮೇಲೆ ಬಂದು ಕೂತರು. ಹಳೇಪೇಟೆಯ ಮೂಲೆಯಲ್ಲಿ ಬಕ್ಕೇಶ ಎಂದಿನಂತೆ ಬಾಣಲೆ ತುಂಬ ಮಿರ್ಚಿ ಬಿಟ್ಟು, ಪಕ್ಕದಲ್ಲಿ ಮಂಡಕ್ಕಿಯ ರಾಶಿ ಕಲಸಿ ಇಟ್ಟಿದ್ದ.

ಆರು ಹೊಡೆಯಿತು. ದೀಪ ಆರಲಿಲ್ಲ. ಆಟೋಗಳು ತಮ್ಮ ಪಾಡಿಗೆ ತಾವು ಓಡುತ್ತಲೇ ಇದ್ದವು.

“ಅಯ್ಯ, ಇವು ನಿಲ್ಲಂಗೇ ಕಾಣ್ಸಲ್ಲಲ್ರೀ!” ಎಂದು ಬಕ್ಕೇಶ ಸಟ್ಟುಗ ಹಿಡಿದುಕೊಂಡೇ ರಸ್ತೆಗೆ ಬಂದ. ಕಟ್ಟೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ಸ್ವಲ್ಪ ಹೊತ್ತಿನಲ್ಲಿ ಜೇಬುಗಳಲ್ಲಿದ್ದ ಫೋನುಗಳು ಕುಂಯ್‌ಗುಟ್ಟತೊಡಗಿದವು. ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋದರು. ಬಕ್ಕೇಶನ ಮಿರ್ಚಿ ಅರ್ಧಕ್ಕರ್ಧ ಹಾಗೇ ಉಳಿಯಿತು.

ಅದೇ ಹೊತ್ತಿಗೆ ಅಲ್ಲಿಂದ ನಾಲ್ಕು ಮನೆ ಆಚೆ ಗಣಕವಿಜ್ಞಾನಿ ಡಾಕ್ಟರ್ ಇಂಚರಾ ತನ್ನ ಅತ್ತೆ ಕೊಟ್ರಮ್ಮನ ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕೂತಿದ್ದಳು. ಅವಳ ಬೆರಳುಗಳು ಅತ್ತೆಯನ್ನು ಉಸಿರಾಡಿಸುವ ಎದೆಪಟ್ಟಿಯ ತಿರುಗುಗುಂಡಿಯ ಮೇಲಿದ್ದವು. ಪಟ್ಟಿಯ ಹಸಿರು ದೀಪ ಹಸಿರಾಗಿಯೇ ಉಳಿಯಿತು. ಗುಂಡಿಯನ್ನು ತಿರುಗಿಸುವ ಅಗತ್ಯವೇ ಬರಲಿಲ್ಲ. ಏಳು ಗಂಟೆಗೆ ಜಾಲ ಕೇಂದ್ರದಿಂದ ಅವಳ ಸಹೋದ್ಯೋಗಿ ನದೀಮನ ಕರೆ ಬಂತು.

“ಮೇಡಂ, ಒಂದೇ ಒಂದು ಡಬ್ಬೀನೂ ಕಳೆದಿಲ್ಲ! ಹೋದವೆಲ್ಲ ವಾಪಸ್ ಬಂದಾವೆ!”

ಇಂಚರಾ ಅತ್ತೆಯನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಅವಳ ಕಣ್ಣಲ್ಲಿ ನೀರು ಬಂದಿತ್ತು. ಕೊಟ್ರಮ್ಮನೂ ನಕ್ಕಳು. ಆದರೆ ಆ ನಗು ಸ್ವಲ್ಪ ತಡವಾಗಿ ಬಂದಿತ್ತು. ಸಂತೋಷದ ಭರದಲ್ಲಿ ಸೊಸೆ ಅದನ್ನು ಗಮನಿಸಲಿಲ್ಲ.

ಯಂತ್ರಗಳು ಅದುವರೆಗೆ ಯಾಕೆ ನಿಲ್ಲಬೇಕಾಗಿತ್ತು ಎನ್ನುವುದನ್ನು ಇಲ್ಲಿ ಹೇಳಿಬಿಡಬೇಕು. ಆ ಕಾಲಕ್ಕೆ ಊರಿನ ಪ್ರತಿ ವಸ್ತುವಿನೊಳಗೂ, ಅದು ದೀಪದ ಕಂಬವಿರಲಿ ನೀರಿನ ನಲ್ಲಿಯಿರಲಿ, ಒಂದು ಗಣಕವಿತ್ತು. ಎಲ್ಲವೂ ಒಂದರೊಡನೊಂದು ಮಾತಾಡಿಕೊಂಡೇ ಕೆಲಸ ಮಾಡುತ್ತಿದ್ದವು. ಅವುಗಳನ್ನು ಬೆಸೆದ ಜಾಲಕ್ಕೆ ‘ನೇಕಾರ’ ಎಂದು ಹೆಸರು. ಅದರ ಕೇಂದ್ರ ಇದ್ದದ್ದು ಎಂದೋ ಮುಚ್ಚಿಹೋಗಿದ್ದ ಒಂದು ಹತ್ತಿ ಗಿರಣಿಯ ಕಟ್ಟಡದಲ್ಲಿ. ಪ್ರತಿ ಗಣಕದೊಳಗೂ ಎಲ್ಲ ಕೆಲಸಗಳ ಯಜಮಾನಿಕೆ ನಡೆಸುವ ಒಂದು ಮೂಲ ತಂತ್ರಾಂಶ ಇರುತ್ತದೆ. ಅದನ್ನು ಕರ್ನೆಲ್ ಎನ್ನುತ್ತಾರೆ. ಜಾಲದಿಂದ ಸಂದೇಶ ಬಂದಾಗ ಕರ್ನೆಲ್ ತನ್ನ ಸ್ಮೃತಿಯಲ್ಲಿ, ಅಂದರೆ ಮೆಮೊರಿಯಲ್ಲಿ, ಒಂದು ಚಿಕ್ಕ ಜಾಗ ತೆಗೆದು, ಸಂದೇಶವನ್ನು ಅದರಲ್ಲಿ ಇಡುತ್ತದೆ. ಆ ಜಾಗಕ್ಕೆ ಕೇಂದ್ರದವರು ಡಬ್ಬಿ ಎನ್ನುತ್ತಿದ್ದರು. ನಾವೂ ಹಾಗೇ ಅನ್ನೋಣ. ಸಂದೇಶದ ಕೆಲಸ ಮುಗಿದ ಮೇಲೆ ಡಬ್ಬಿ ಬರಿದಾಗಿ, ಖಾಲಿ ಡಬ್ಬಿಗಳನ್ನಿಡುವ ಕಪಾಟಿಗೆ ಮರಳಬೇಕು. ಮರಳದೆ ಎಲ್ಲೋ ಉಳಿದುಬಿಟ್ಟರೆ ಅದೇ ಸ್ಮೃತಿ ಸೋರಿಕೆ.

ಒಂದು ಡಬ್ಬಿ ಉಳಿದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಹಗಲೂ ರಾತ್ರಿ ಸಂದೇಶಗಳು ಸುರಿಯುವ ಕಡೆ, ಅಲ್ಲೊಂದು ಇಲ್ಲೊಂದು ಉಳಿಯುತ್ತ ಉಳಿಯುತ್ತ ವಾರ ಹತ್ತು ದಿನದಲ್ಲಿ ಕಪಾಟೇ ಬರಿದಾಗುತ್ತದೆ. ಹೊಸ ಸಂದೇಶಕ್ಕೆ ಡಬ್ಬಿಯೇ ಇಲ್ಲ. ಯಂತ್ರ ಬೆಪ್ಪಾಗಿ ನಿಂತುಬಿಡುತ್ತದೆ. ಆಗ ಉಳಿಯುವ ಉಪಾಯ ಒಂದೇ, ಆರಿಸಿ ಮತ್ತೆ ಹಚ್ಚುವುದು. ಹಚ್ಚಿದಾಗ ಕಪಾಟು ಹೊಸದಾಗಿ ತುಂಬಿರುತ್ತದೆ. ನೇಕಾರದಲ್ಲಿ ಒಂದನ್ನು ಆರಿಸಿದರೆ ಅದರೊಡನೆ ಮಾತಾಡುತ್ತಿದ್ದ ಹತ್ತು ಯಂತ್ರಗಳು ಗಲಿಬಿಲಿಗೊಳ್ಳುತ್ತಿದ್ದವು. ಹಾಗಾಗಿ ವಾರಕ್ಕೊಮ್ಮೆ ಎಲ್ಲವನ್ನೂ ಒಟ್ಟಿಗೆ ಆರಿಸುವುದೆಂದು ನಿಶ್ಚಯವಾಯಿತು. ಹೀಗೆ ಶುರುವಾದದ್ದು ಮಂಗಳವಾರದ ನಿಲುಗಡೆ.

ಮೊದಮೊದಲು ಜನ ಬೈದರು. ಬೈದೂ ಬೈದೂ ಸಾಕಾಗಿ ಕಟ್ಟೆಗೆ ಬಂದು ಕೂತರು. ಕೂತ ಮೇಲೆ ಪಕ್ಕದವರನ್ನು ಮಾತಾಡಿಸದೆ ಇರಲಾಗುತ್ತದೆಯೇ? ಚೌಕಾಬಾರದ ಮನೆಗಳು ಜಗಲಿಗಳ ಮೇಲೆ ಮತ್ತೆ ಮೂಡಿದವು. ಕುಂದುವಾಡ ಕೆರೆಯ ಏರಿಯ ಮೇಲೆ ಗಂಡ ಹೆಂಡಿರು ಅಡ್ಡಾಡಿದರು. ಎಷ್ಟೋ ಮದುವೆಗಳು ಆ ಒಂದು ಗಂಟೆಯಲ್ಲಿ ಗೊತ್ತಾದವು, ಒಂದೆರಡು ಮುರಿದೂ ಬಿದ್ದವು.

ಇಂಚರಾಳ ಪಾಲಿಗೆ ಮಾತ್ರ ಅದು ಭಯದ ಗಂಟೆಯಾಗಿತ್ತು.

ಕೊಟ್ರಮ್ಮ ಹರೆಯದಲ್ಲಿ ಮಂಡಕ್ಕಿ ಭಟ್ಟಿಯಲ್ಲಿ ದುಡಿದವಳು. ಭಟ್ಟಿಯ ಹೊಗೆ ಕುಡಿದು ಕುಡಿದು ಅವಳ ಶ್ವಾಸಕೋಶ ಸೋತುಹೋಗಿತ್ತು. ನಾಲಿಗೆ ಮಾತ್ರ ಸೋತಿರಲಿಲ್ಲ. ಅವಳು ಬದುಕಿದ್ದದ್ದು ಎದೆಪಟ್ಟಿಯ ಬಲದಿಂದ. ಆ ಪಟ್ಟಿ ಉಸಿರಿನ ಏರಿಳಿತವನ್ನು ಕ್ಷಣಕ್ಷಣಕ್ಕೂ ಆಸ್ಪತ್ರೆಯ ಗಣಕಕ್ಕೆ ಕಳಿಸಿ, ಅಲ್ಲಿಂದ ಬಂದ ಸೂಚನೆಯಂತೆ ಎದೆಯನ್ನು ಮೆಲ್ಲಗೆ ಒತ್ತಿ ಬಿಡುತ್ತಿತ್ತು. ನಿಲುಗಡೆಯ ಗಂಟೆಯಲ್ಲಿ ಸೂಚನೆ ಬರುತ್ತಿರಲಿಲ್ಲ. ಆಗ ಪಕ್ಕದಲ್ಲಿ ಯಾರಾದರೂ ಕೂತು, ಅವಳ ಉಸಿರನ್ನೇ ನೋಡುತ್ತ, ಗುಂಡಿಯನ್ನು ಕೈಯಿಂದ ತಿರುಗಿಸಬೇಕಾಗಿತ್ತು. ಇಂಚರಾಳ ಗಂಡ ಶಶಾಂಕ ಜಗಳೂರಿನ ಗಾಳಿಯಂತ್ರಗಳ ಉಸ್ತುವಾರಿಯಲ್ಲಿದ್ದು, ಮನೆಗೆ ಬರುವುದು ವಾರದ ಕೊನೆಗೆ ಮಾತ್ರ. ಹಾಗಾಗಿ ಮಂಗಳವಾರದ ಹೊಣೆ ಸೊಸೆಯದು.

ಒಂದು ಮಂಗಳವಾರ ಇಂಚರಾ ಕೇಂದ್ರದಲ್ಲಿ ಯಾವುದೋ ಲೆಕ್ಕದಲ್ಲಿ ಮುಳುಗಿ ಹೊತ್ತು ಮರೆತಳು. ಓಡಿ ಬರುವಷ್ಟರಲ್ಲಿ ಆರು ಕಳೆದಿತ್ತು. ಬಕ್ಕೇಶನ ಹೆಂಡತಿ ಗಾಬರಿಯಲ್ಲಿ ಗುಂಡಿಯನ್ನು ಅತ್ತ ಇತ್ತ ತಿರುವುತ್ತಿದ್ದಳು. ಕೊಟ್ರಮ್ಮನ ತುಟಿ ನೀಲಿಯಾಗಿತ್ತು. ಹೇಗೋ ಉಳಿದಳು. ಉಳಿದ ಮೇಲೆ ಆಡಿದ ಮೊದಲ ಮಾತು, “ಸೊಸಿ ಬಂದ್ಲಾ? ಉಂಡ್ಲೇನು ಕೇಳ್ರಿ.” ಇಂಚರಾ ಅಂದು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಬಿಕ್ಕಿ ಬಿಕ್ಕಿ ಅತ್ತಳು. ಈ ಸೋರಿಕೆಯನ್ನು ಬೇರುಸಹಿತ ಕೀಳದೆ ಬಿಡುವುದಿಲ್ಲ ಎಂದು ಅವತ್ತೇ ನಿಶ್ಚಯಿಸಿದಳು.

ಆಮೇಲೆ ಒಂದು ಮಂಗಳವಾರವೂ ಅವಳು ತಡ ಮಾಡಲಿಲ್ಲ. ಐದೂವರೆಗೆಲ್ಲ ಮನೆಯಲ್ಲಿರುತ್ತಿದ್ದಳು. ಒಂದು ಕೈ ಗುಂಡಿಯ ಮೇಲೆ, ಇನ್ನೊಂದು ಕೈಯಲ್ಲಿ ಕವಡೆ. ಅತ್ತೆ ಸೊಸೆಯರ ಚೌಕಾಬಾರ ಶುರುವಾದದ್ದು ಹೀಗೆ. ಅದಕ್ಕೆ ಮೊದಲು ಆ ಇಬ್ಬರ ನಡುವೆ ‘ಊಟಕ್ಕೆ ಹಾಕಲಾ’, ‘ಗುಳಿಗೆ ತಗೊಂಡ್ರಾ’ ಬಿಟ್ಟರೆ ಹೆಚ್ಚಿನ ಮಾತಿರಲಿಲ್ಲ. ಜಗಳವೇನೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ. ಕೊಟ್ರಮ್ಮ ಆಟದಲ್ಲಿ ಕಣ್ಣೆದುರೇ ಮೋಸ ಮಾಡುತ್ತಿದ್ದಳು. ಸಿಕ್ಕಿಬಿದ್ದರೆ ಕೆಮ್ಮುತ್ತಿದ್ದಳು. ಸೊಸೆ ಗುಂಡಿಯ ಕಡೆ ತಿರುಗಿದಾಗ ಕಾಯಿ ಎರಡು ಮನೆ ಮುಂದೆ ಹೋಗಿರುತ್ತಿತ್ತು.

ಸೋರಿಕೆಯ ಮೂಲ ಸಿಕ್ಕಿದ್ದೂ ಅಂಥದೇ ಒಂದು ಸಂಜೆ. ತಿಂಗಳುಗಟ್ಟಲೆ ನೇಕಾರದ ತಂತ್ರಾಂಶವನ್ನು ಸಾಲು ಸಾಲಾಗಿ ಓದಿದರೂ ತಪ್ಪು ಕಣ್ಣಿಗೆ ಬಿದ್ದಿರಲಿಲ್ಲ. ಆ ದಿನ ಏಳಕ್ಕೆ ದೀಪ ಬಂದ ಮೇಲೆ ಇಂಚರಾ ಉಪ್ಪಿಟ್ಟಿಗೆಂದು ಪಾತ್ರೆ ಹುಡುಕಿದಳು. ಅಡುಗೆಮನೆಯ ಮೇಲಿನ ಹಲಗೆ ತುಂಬ ಬೇರೆಯವರ ಡಬ್ಬಿಗಳಿದ್ದವು. ನದೀಮನ ತಾಯಿ ಹಬ್ಬಕ್ಕೆ ಬಿರಿಯಾನಿ ಕಳಿಸಿದ ಡಬ್ಬಿ, ಬಕ್ಕೇಶನ ಹೆಂಡತಿಯ ಎರಡು ಟಿಫಿನ್ನು, ಯಾರದೆಂದೇ ನೆನಪಿಲ್ಲದ ಒಂದು ಹಿತ್ತಾಳೆ ಬೋಗುಣಿ.

“ಅತ್ತೆ, ಇವನ್ನೆಲ್ಲ ಯಾಕೆ ವಾಪಸ್ ಕೊಟ್ಟಿಲ್ಲ?”

“ಖಾಲಿ ಡಬ್ಬಿ ಹೆಂಗೆ ಕೊಡದು? ಏನಾರ ಹಾಕಿ ಕೊಡ್ಬೇಕು. ಹೋಳಿಗೆ ಮಾಡಿದಾಗ ತುಂಬಿ ಕೊಡಾಣ ಅಂತ ಇಟ್ಟೀನಿ.”

“ಹೋಳಿಗೆ ಯಾವಾಗ ಮಾಡ್ತೀರಿ?”

“ಉಸಿರು ನೆಟ್ಟಗಾಗ್ಲಿ, ಮಾಡ್ತೀನಿ.”

ಇಂಚರಾ ನಗುತ್ತ ಬೋಗುಣಿಗೆ ಕೈ ಹಾಕಿದವಳು ಹಾಗೇ ನಿಂತುಬಿಟ್ಟಳು. ಹೋಳಿಗೆ ಆದರೆ ಡಬ್ಬಿ ವಾಪಸ್ ಹೋಗುತ್ತದೆ. ಹೋಳಿಗೆ ಆಗದೇ ಹೋದರೆ? ಡಬ್ಬಿ ಹಲಗೆಯ ಮೇಲೇ ಕಾಯುತ್ತದೆ. ನೇಕಾರವನ್ನು ಬರೆಯುವಾಗ ಅವಳ ತಂಡವೂ ಇದನ್ನೇ ಮಾಡಿತ್ತು. ಸಂದೇಶ ಬಂದ ಡಬ್ಬಿಯಲ್ಲೇ ಉತ್ತರ ತುಂಬಿ ಕಳಿಸಬೇಕು, ಆಗ ಹೊಸ ಡಬ್ಬಿಯ ಖರ್ಚು ಉಳಿಯುತ್ತದೆ ಎನ್ನುವುದು ಅವರ ಜಾಣತನ. ಉತ್ತರ ಸಿದ್ಧವಾದರೆ ಎಲ್ಲ ಸರಿ. ಆದರೆ ಉತ್ತರ ತಯಾರಿಸುವ ಕೆಲಸ ನಡುವೆ ಮುರಿದುಬಿದ್ದರೆ, ಖಾಲಿ ಡಬ್ಬಿಯನ್ನಾದರೂ ಮರಳಿಸು ಎಂದು ಯಾರೂ ಬರೆದಿರಲಿಲ್ಲ. ಬರೆದವರೆಲ್ಲ ಇದೇ ಊರಿನ ಮನೆಗಳಲ್ಲಿ ಬೆಳೆದವರು. ಖಾಲಿ ಡಬ್ಬಿ ಮರಳಿಸುವ ಯೋಚನೆ ಒಬ್ಬರ ತಲೆಗೂ ಹೊಳೆದಿರಲಿಲ್ಲ!

ಮರುದಿನ ಕೇಂದ್ರದಲ್ಲಿ ಇದನ್ನು ಕೇಳಿದ ನದೀಮ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ನಿಂತ ಮೇಲೆ ಗಂಭೀರನಾದ. “ಆದ್ರೆ ಮೇಡಂ, ಹಿಂಗೆ ನಡುವೆ ಮುರಿಯೋ ಜಾಗ ಲಕ್ಷಗಟ್ಲೆ ಅದಾವು. ಒಂದೊಂದನ್ನೇ ಹುಡುಕಿ ಸರಿಮಾಡ್ತ ಕೂತ್ರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಮುಗಿಯಲ್ಲ. ಅಷ್ಟ್ರಲ್ಲಿ ಹೊಸಬರು ಹೊಸ ತಪ್ಪು ಬರೀತಾರೆ.”

“ಅದಕ್ಕೇ ಮರಳಿಸೋ ಕೆಲಸವನ್ನ ಬರೆಯೋರ ಕೈಗೆ ಬಿಡೋದೇ ಬೇಡ,” ಎಂದಳು ಇಂಚರಾ. “ಡಬ್ಬಿಗೇ ದಾರಿ ಗೊತ್ತಿರಲಿ.”

ಹೀಗೆ ಹುಟ್ಟಿದ್ದು ‘ತವರು’. ಅದು ಸ್ಮೃತಿಯ ಚಿಪ್‌ನೊಳಗೇ ಹೆಣೆದ ಒಂದು ತೆಳುವಾದ ಪದರ. ಅದರಿಂದಾಗಿ ಪ್ರತಿ ಡಬ್ಬಿಗೂ ತಾನು ಯಾವ ಕಪಾಟಿನದು, ಈಗ ತನ್ನನ್ನು ಯಾರು ಯಾರು ಹಿಡಿದಿದ್ದಾರೆ ಎನ್ನುವುದು ತಿಳಿದಿರುತ್ತಿತ್ತು. ಹಿಡಿದವರ ಕೈ ಬಿಟ್ಟುಹೋದ ಕ್ಷಣ, ಕೆಲಸ ಮುಗಿದಿರಲಿ ಮುರಿದಿರಲಿ, ಡಬ್ಬಿ ತಾನೇ ಎದ್ದು ಕಪಾಟಿಗೆ ಹೋಗುತ್ತಿತ್ತು. ಕೇಳಲು ಸುಲಭ. ಮಾಡುವಾಗ ಮಾತ್ರ ತಂಡದವರ ಬೆವರಿಳಿಯಿತು. ಮೊದಲ ಪ್ರಯೋಗದಲ್ಲಿ ತವರು ವಿಪರೀತ ಉತ್ಸಾಹ ತೋರಿತು. ಯಾರಿಗಾಗಿಯೋ ಕಾಯುತ್ತಿದ್ದ ಡಬ್ಬಿಗಳನ್ನೂ ಅನಾಥವೆಂದು ತಿಳಿದು ಎಳೆದೊಯ್ದಿತು. ಕೇಂದ್ರದವರು ತರಿಸಿದ ಬೆಣ್ಣೆದೋಸೆ ಎಲ್ಲಿಗೆ ಹೋಗಬೇಕೆಂಬ ಸಂದೇಶವೇ ಅಳಿಸಿಹೋಗಿ, ದೋಸೆ ಹೊತ್ತ ಪುಟ್ಟ ಗಾಡಿ ಮಧ್ಯಾಹ್ನವಿಡೀ ಗಿರಣಿಯ ಆವರಣದಲ್ಲಿ ಸುತ್ತು ಹಾಕಿತು. ಇನ್ನೊಮ್ಮೆ ಎರಡು ಡಬ್ಬಿಗಳು ಒಂದನ್ನೊಂದು ಹಿಡಿದು ಕೂತವು. ಬಾಗಿಲಲ್ಲಿ ‘ನೀವು ಮೊದಲು, ನೀವು ಮೊದಲು’ ಎಂದು ನಿಂತುಬಿಡುವ ಇಬ್ಬರು ಮರ್ಯಾದಸ್ಥರ ಹಾಗೆ ಎರಡೂ ಕದಲಲಿಲ್ಲ. ಹೊರಗಿನವರು ಯಾರೂ ಹಿಡಿದಿಲ್ಲದಿದ್ದರೆ ಎರಡನ್ನೂ ಒಟ್ಟಿಗೆ ಹೊರಡಿಸಬೇಕೆಂದು ತವರಿಗೆ ಕಲಿಸಿದ ಮೇಲೆ ಎಲ್ಲ ಸುಸೂತ್ರವಾಯಿತು.

ಆಮೇಲೆ ಬಂದದ್ದೇ ಆ ಮಂಗಳವಾರ, ದಾವಣಗೆರೆಯಲ್ಲಿ ಏನೂ ಆಗದ ಮಂಗಳವಾರ.

ಮುಂದಿನ ಒಂದೆರಡು ವಾರ ಇಂಚರಾ ಊರಿನ ಕಣ್ಮಣಿಯಾದಳು. ಹಾರ ತುರಾಯಿಗಳಿಗೆ ಕೊನೆಯಿರಲಿಲ್ಲ. ಕೊಟ್ರಮ್ಮನ ಪಟ್ಟಿ ಈಗ ಒಂದು ಕ್ಷಣವೂ ಬಿಡುವಿಲ್ಲದೆ ಕೆಲಸ ಮಾಡುವುದರಿಂದ ಅವಳ ಮುಖದಲ್ಲಿ ಕಳೆ ಬಂತು. ಮಹಡಿಯ ಮೆಟ್ಟಿಲು ಹತ್ತಿದಳು. ಹೋಳಿಗೆ ಮಾಡಿ ಎಲ್ಲರ ಡಬ್ಬಿಗಳನ್ನೂ ತುಂಬಿ ಮರಳಿಸಿದಳು. ಅತ್ತೆ ಆರಾಮಾಗಿದ್ದಾಳೆಂದು ಇಂಚರಾಳ ಮನಸ್ಸು ಹಗುರವಾಯಿತು. ದೆಹಲಿಯಿಂದ, ಕೊಲಂಬೊದಿಂದ, ಮತ್ತೆಲ್ಲಿಂದಲೋ ತವರು ಬೇಕೆಂದು ಕರೆಗಳು ಬರುತ್ತಿದ್ದವು. ಮಂಗಳವಾರವೂ ಈಗ ಸೋಮವಾರದಂತೆ, ಬುಧವಾರದಂತೆ ಕೆಲಸದ ದಿನವಾಯಿತು.

ಆಗ ಒಂದು ದಿನ ಮೇಯರ್ ಹಾಲೇಶರಿಂದ ಕರೆ ಬಂತು.

“ಡಾಕ್ಟ್ರೇ, ಸ್ವಲ್ಪ ಬರಬೇಕಲ್ಲ. ಇಲ್ಲಿ ಹಳೇಪೇಟೆ ಜನ ನಿಮ್ಮ ಮೇಲೇ ದೂರು ತಂದವ್ರೆ. ನಿಲುಗಡೆ ವಾಪಸ್ ಬೇಕಂತೆ!”

ಇಂಚರಾಗೆ ತಾನು ಕೇಳಿದ್ದು ನಿಜವೇ ಎನ್ನಿಸಿತು. ಪಾಲಿಕೆಯ ಸಭಾಂಗಣಕ್ಕೆ ಹೋದರೆ ಅಲ್ಲಿ ಬಕ್ಕೇಶ ನಿಂತಿದ್ದ. ಅವನ ಹಿಂದೆ ಬೀದಿಯ ಹೆಂಗಸರೆಲ್ಲ ಇದ್ದರು. ಎಲ್ಲರಿಗಿಂತ ಮುಂದೆ, ಕುರ್ಚಿಯ ಮೇಲೆ, ಇಳಕಲ್ ಸೀರೆಯುಟ್ಟು, ಎದೆಯ ಮೇಲೆ ಹಸಿರು ದೀಪ ಮಿನುಗಿಸುತ್ತ ಕೊಟ್ರಮ್ಮ ಕೂತಿದ್ದಳು.

“ಅತ್ತೆ! ನೀವು ಇಲ್ಲಿ?”

“ನಡ್ಕೊಂಡೇ ಬಂದೆ,” ಎಂದಳು ಕೊಟ್ರಮ್ಮ ಹೆಮ್ಮೆಯಿಂದ. “ನಿನ್ನ ಯಂತ್ರ ಭಾಳ ಚಲೋ ಐತೆ. ಎಲ್ಲೂ ದಮ್ಮು ಹತ್ಲಿಲ್ಲ.”

ಸಭೆಯಲ್ಲಿ ನಗೆಯ ಅಲೆ ಎದ್ದಿತು. ಮೇಯರ್ ಮೇಜು ಕುಟ್ಟಿದರು. ಕೊಟ್ರಮ್ಮ ಎದ್ದು ನಿಂತು ಅಹವಾಲು ಹೇಳಿದಳು. ಹುಡುಗರು ಆಡೋದು ಬಿಟ್ಟಿದ್ದಾರೆ. ಬಕ್ಕೇಶನ ಕಟ್ಟೆ ಬಣಗುಡುತ್ತಿದೆ. ಎದುರುಮನೆಯವರು ಸತ್ತರೂ ಗೊತ್ತಾಗುವುದು ಫೋನಿನಿಂದ. ವಾರಕ್ಕೊಂದು ಗಂಟೆ ಊರು ನಿಂತರೆ ಯಾರ ಗಂಟು ಹೋಗುತ್ತದೆ?

ಇಂಚರಾಗೆ ಸಿಟ್ಟು ಬಂತು. “ಆ ಒಂದು ಗಂಟೆಯಲ್ಲೇ ನಿಮ್ಮ ಜೀವ ಹೋಗ್ತಿತ್ತು ಅತ್ತೆ! ನಾನು ಇಷ್ಟೆಲ್ಲ ಮಾಡಿದ್ದು ಯಾರಿಗೋಸ್ಕರ?” ಎಂದು ಸಭೆಯ ನಡುವೆಯೇ ಕೇಳಿದಳು.

ಕೊಟ್ರಮ್ಮ ಸೆರಗು ಸರಿಮಾಡಿಕೊಂಡು ಕೂತಳು. ಹಾಲೇಶರು ಹಳೆಯ ಹುಲಿ, ಇಬ್ಬರಿಗೂ ನೋವಾಗದಂಥ ದಾರಿ ಹುಡುಕಿದರು. ಪಟ್ಟಿ ಕಟ್ಟಿಕೊಂಡವರು, ಆಸ್ಪತ್ರೆ, ನೀರು ಇವುಗಳನ್ನು ಬಿಟ್ಟು ಉಳಿದವರು ಮಂಗಳವಾರ ಆರಕ್ಕೆ ತಾವಾಗಿ ತಮ್ಮ ಯಂತ್ರ ಆರಿಸಬಹುದು. ಇಷ್ಟವಿದ್ದವರು ಆರಿಸಲಿ, ಬಲವಂತವಿಲ್ಲ. ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದರು.

ಮನೆಗೆ ಹೋಗುವಾಗ ಆಟೋದಲ್ಲಿ ಇಬ್ಬರೂ ಮುಖ ಊದಿಸಿಕೊಂಡು ಕೂತಿದ್ದರು. ಚಾಲಕನಿಲ್ಲದ ಆಟೋ ಆದ್ದರಿಂದ ನಡುವೆ ಬಾಯಿ ಹಾಕುವವರೂ ಇರಲಿಲ್ಲ. ಕೊನೆಗೆ ಇಂಚರಾಳೇ ಸೋತಳು.

“ನಂಗೆ ಒಂದು ಮಾತು ಮೊದಲೇ ಹೇಳಬಹುದಿತ್ತಲ್ಲ ಅತ್ತೆ.”

“ಯಾವಾಗ ಹೇಳ್ಲಿ? ನೀ ಮನಿಗೆ ಬರೋದು ನಾ ಮಲಗಿದ ಮ್ಯಾಲೆ. ಬೆಳಿಗ್ಗೆ ನಾ ಏಳೋದ್ರಾಗೆ ನೀ ಹೊರಟಿರ್ತೀ.”

“ಕೆಲಸ ಅತ್ತೆ. ಇದೊಂದು ಮುಗಿಸಿ ಬೇಗ ಬರೋಣ ಅಂತಲೇ ದಿನಾ ಅಂದ್ಕೋತೀನಿ.”

“ಅದು ಎಂದರ ಮುಗಿದೈತೇನು?” ಕೊಟ್ರಮ್ಮ ಹೊರಗಿನ ಅಂಗಡಿಗಳನ್ನು ನೋಡುತ್ತ ಹೇಳಿದಳು. “ನೋಡು, ಬಕ್ಕೇಶನ ಮಿರ್ಚಿ ಗಿರ್ಚಿ ಎಲ್ಲ ಮಂದಿ ಮುಂದೆ ಹೇಳಾಕೆ. ನಂಗೆ ಬೇಕಾಗಿದ್ದು ಆ ಗಂಟೆ ಅಷ್ಟೇ. ಉಸಿರು ಕಟ್ತಿತ್ತು, ಅಂಜಿಕೆ ಆಗ್ತಿತ್ತು, ಅದೆಲ್ಲ ಖರೆ. ಆದ್ರೂ ಸೋಮವಾರದಿಂದ್ಲೇ ಕಾಯ್ತಿದ್ದೆ ನಾನು. ಈಗ ಉಸಿರು ಐತೆ. ನೀ ಇಲ್ಲ.”

ಇಂಚರಾ ಅತ್ತೆಯ ಎದೆಯ ಹಸಿರು ದೀಪದತ್ತ ನೋಡಿದಳು.

“ನಿನ್ನ ಡಬ್ಬಿಗೆ ಕೆಲಸ ಅರ್ಧಕ್ಕೇ ನಿಂತ್ರೂ ಮನಿಗೆ ಹೋಗು ಅಂತ ಕಲಿಸ್ದೆ. ಭೇಷ್. ನಿಂಗೆ ಅದನ್ನ ಯಾರು ಕಲಿಸ್ಬೇಕು?” ಎಂದು ಕೊಟ್ರಮ್ಮ ಸೊಸೆಯ ಮೊಣಕಾಲಿಗೆ ಮೆಲ್ಲಗೆ ಗುದ್ದಿದಳು. ಗುದ್ದಿ ನಕ್ಕುಬಿಟ್ಟಳು. ಇಂಚರಾಗೂ ನಗು ಬಂತು. ಮುಂದಿನ ಮಂಗಳವಾರ ಖಂಡಿತ ಬರುತ್ತೇನೆ ಎಂದು ಅತ್ತೆಯ ಕೈ ಹಿಡಿದು ಹೇಳಿದಳು.

ಮುಂದಿನ ಮಂಗಳವಾರ ಬಂದಳು ಕೂಡ. ಊರಿನ ಮುಕ್ಕಾಲು ಜನ ಯಂತ್ರಗಳನ್ನು ಆರಿಸಿ ಕಟ್ಟೆಗೆ ಬಂದಿದ್ದರು. ಬಕ್ಕೇಶನಿಗೆ ಕೈ ಬಿಡುವಿರಲಿಲ್ಲ. ಅದರ ಮುಂದಿನ ವಾರ ಅರ್ಧ ಜನ ಬಂದರು. ಕೆಲವರು ಬಂದರೂ ಫೋನನ್ನು ಆರಿಸದೆ ಜೇಬಿನಲ್ಲೇ ಇಟ್ಟುಕೊಂಡು, ಐದು ನಿಮಿಷಕ್ಕೊಮ್ಮೆ ಕಳ್ಳತನದಿಂದ ಇಣುಕುತ್ತಿದ್ದರು. ಮತ್ತೊಂದು ವಾರಕ್ಕೆ ಬಕ್ಕೇಶ, ಅವನ ಹೆಂಡತಿ, ಇಬ್ಬರು ನಿವೃತ್ತ ಮೇಷ್ಟ್ರು ಮತ್ತು ಒಂದು ನಾಯಿ ಉಳಿದರು. ಯಾರೂ ಕೆಟ್ಟವರಲ್ಲ. ಎಲ್ಲರಿಗೂ ಬರುವ ಮನಸ್ಸಿತ್ತು, ಎಲ್ಲರಿಗೂ ಮುಗಿಸಬೇಕಾದ ಒಂದು ಸಣ್ಣ ಕೆಲಸವೂ ಇತ್ತು. ಯಂತ್ರ ತಾನಾಗಿ ನಿಂತಾಗ ನಿಲ್ಲುವುದು ಸುಲಭ. ಓಡುವ ಯಂತ್ರದ ಎದುರಿನಿಂದ ಏಳುವುದು ಎಷ್ಟು ಕಷ್ಟ ಎನ್ನುವುದು ದಾವಣಗೆರೆಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಇಂಚರಾಳೂ ಎರಡು ಮಂಗಳವಾರ ತಪ್ಪಿಸಿದಳು. ಎರಡು ಸಲವೂ ಫೋನ್ ಮಾಡಿ ಕ್ಷಮೆ ಕೇಳಿದಳು. ಎರಡು ಸಲವೂ ಕೊಟ್ರಮ್ಮ, “ಇರ್ಲಿ ಬಿಡು ತಾಯಿ, ನಾ ಆರಾಮಿದೀನಿ,” ಎಂದಳು. ಮೊದಲಿನಂತೆ ಕೆಣಕಲಿಲ್ಲ. ಆ ಕೆಣಕದ ಮಾತೇ ಇಂಚರಾಳನ್ನು ಚುಚ್ಚಿತು.

ಅದರ ಮುಂದಿನ ಮಂಗಳವಾರ ದೆಹಲಿಯ ಸಮಿತಿಯವರು ಪರದೆಯ ಮೇಲೆ ಬಂದಿದ್ದರು. ದೇಶದ ಎಲ್ಲ ನಗರಗಳಿಗೂ ತವರನ್ನು ಅಳವಡಿಸುವ ಮಾತು ಮಧ್ಯಾಹ್ನದಿಂದ ನಡೆದಿತ್ತು. ಇಂಚರಾ ಇಷ್ಟು ವರ್ಷ ಕಾದದ್ದು ಈ ದಿನಕ್ಕಾಗಿಯೇ. ಐದೂವರೆಯ ಹೊತ್ತಿಗೆ ಒಬ್ಬ ಸದಸ್ಯರು ಹೊಸ ಪ್ರಶ್ನೆ ತೆಗೆದರು. ಒಳ್ಳೆಯ ಪ್ರಶ್ನೆಯೇ. ಉತ್ತರ ಇಂಚರಾಳ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಳಿದರೆ ಇನ್ನೊಂದು ಪ್ರಶ್ನೆ ಬರುತ್ತದೆ, ಅದೂ ಒಳ್ಳೆಯದೇ ಇರುತ್ತದೆ.

ಅವಳು ಮೇಜಿನ ಮೇಲಿನ ದೀಪವನ್ನು ನೋಡಿದಳು. ಅದು ಆರುವ ಲಕ್ಷಣವೇ ಇರಲಿಲ್ಲ. ಪರದೆ ಕಪ್ಪಾಗುವುದಿಲ್ಲ, ಕರೆ ಕಡಿದುಹೋಗುವುದಿಲ್ಲ. ಅವಳೇ ಕಟ್ಟಿದ ವ್ಯವಸ್ಥೆ, ಅವಳಿಗೇ ಚೆನ್ನಾಗಿ ಗೊತ್ತಿತ್ತು. ಅವಳನ್ನು ಎಬ್ಬಿಸಿ ಕಳಿಸಲು ಊರಿನಲ್ಲಿ ಈಗ ಒಂದು ಯಂತ್ರವೂ ಕೆಡುವುದಿಲ್ಲ.

“ಕ್ಷಮಿಸಿ, ಇದನ್ನು ನಾಳೆ ಮುಂದುವರಿಸೋಣ. ನನಗೆ ಮನೆಯಲ್ಲಿ ಕೆಲಸವಿದೆ,” ಎಂದು ಎದ್ದಳು. ಪಕ್ಕದಲ್ಲಿದ್ದ ನದೀಮ ಕಣ್ಣು ಬಾಯಿ ಬಿಟ್ಟು ನೋಡಿದ. ಪರದೆಯ ಆಚೆ ಸಮಿತಿಯವರೂ ಹಾಗೇ ನೋಡಿದರು.

ಮನೆಯಲ್ಲಿ ಕೊಟ್ರಮ್ಮ ಜಗಲಿಯ ಮೇಲೆ ಒಬ್ಬಳೇ ಎರಡೂ ಕಡೆಯ ಆಟ ಆಡುತ್ತ ಕೂತಿದ್ದಳು. ಆಗಲೂ ಮೋಸ ಮಾಡುತ್ತಿದ್ದಳು ಅನ್ನಿ. ಸೊಸೆ ಗೇಟು ತೆರೆದದ್ದು ಕಂಡು ಅವಳ ಕೈ ಎದೆಪಟ್ಟಿಯ ಮೇಲೆ ಹೋಯಿತು.

“ಯಾಕವ್ವ ಈಗ್ಲೇ ಬಂದಿ? ಜಾಲ ಕೆಡ್ತೇನು?”

“ಇಲ್ಲ ಅತ್ತೆ. ಎಲ್ಲ ಸರಿ ಇದೆ.”

“ನಿಂಗೆ ಹುಷಾರಿಲ್ಲೇನು?”

“ಚೆನ್ನಾಗೇ ಇದೀನಿ.”

“ಮತ್ತೆ?”

“ಏನಿಲ್ಲ. ಸುಮ್ನೆ ಬಂದೆ.”

ಕೊಟ್ರಮ್ಮ ಎದುರುಗಡೆಯ ಕಾಯಿಗಳನ್ನೆಲ್ಲ ಬಾಚಿ ಮೊದಲಿನ ಮನೆಗೆ ಜೋಡಿಸಿ, ಕವಡೆಗಳನ್ನು ಇಂಚರಾಳ ಅಂಗೈಗೆ ಸುರಿದಳು. ಈ ಸಲ ಗುಂಡಿ ತಿರುಗಿಸುವ ಕೆಲಸವಿಲ್ಲದ್ದರಿಂದ ಇಂಚರಾಳ ಎರಡು ಕೈಗಳೂ ಖಾಲಿಯಿದ್ದವು.

ಇದು ನಡೆಯುವುದಕ್ಕೆ ಇನ್ನೂ ಹಲವು ದಶಕಗಳಿವೆ. ನಮ್ಮ ಕಾಲದ ಯಂತ್ರಗಳು ಈಗಲೂ ಸೋರುತ್ತವೆ, ಬೆಪ್ಪಾಗಿ ನಿಲ್ಲುತ್ತವೆ. ಪರದೆಯ ನಡುವೆ ಒಂದು ಚಕ್ರ ಸುಮ್ಮನೆ ಸುತ್ತುತ್ತದೆ. ನಾವು ಹಲ್ಲು ಕಡಿದು ಶಪಿಸುತ್ತೇವೆ. ಆ ಎರಡು ನಿಮಿಷ ತಲೆಯೆತ್ತಿದಾಗ, ಎದುರಿಗೆ ಯಾರೋ ಬಹಳ ಹೊತ್ತಿನಿಂದ ಕೂತಿರುವುದು ಕಾಣಿಸುತ್ತದೆ. ಸೋರಿಕೆಯನ್ನು ಒಬ್ಬ ಇಂಚರಾ ಇಂದಲ್ಲ ನಾಳೆ ಖಂಡಿತ ನಿಲ್ಲಿಸುತ್ತಾಳೆ, ಅದರಲ್ಲಿ ಅನುಮಾನ ಬೇಡ. ಅಲ್ಲಿಯವರೆಗೆ ತಲೆಯೆತ್ತುವುದಕ್ಕೆ ನಮಗೊಂದು ನೆಪವಾದರೂ ಇದೆ.